ಒಗ್ಗರಣೆ ಇಲ್ಲದ ಹೋಟೆಲು

ಕೋದಂಡಪ್ಪ ಹೋಟೆಲಿನ ಹೊಸ್ತಿಲಲ್ಲಿ ನಿಂತು ಮೂಗು ಮೇಲೆತ್ತಿ ಗಾಳಿ ಮೂಸಿದ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮನುಷ್ಯ ಗಾಬರಿಯಿಂದ ಎದ್ದು ನಿಂತ. ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಮಾಮೂಲಿ ಬಟ್ಟೆಯಲ್ಲಿ ಬಂದಿದ್ದಾರೆ ಅಂದುಕೊಂಡನೋ ಏನೋ, ಪಾಪ, ಹೆಗಲ ಮೇಲಿನ ವಸ್ತ್ರದಿಂದ ಹತ್ತಿರದ ಮೇಜನ್ನು ಒರೆಸಿಯೂ ಬಿಟ್ಟ.

“ಬನ್ನಿ ಸಾರ್, ಕೂತ್ಕೊಳ್ಳಿ. ಏನ್ ಕೊಡ್ಲಿ?”

“ಏನೂ ಬ್ಯಾಡಪ್ಪ. ಅಡಿಗೆಮನೆ ಎಲ್ಲೈತೆ?”

ಅವನು ಹಿಂದಿನ ಪರದೆಯತ್ತ ಕೈ ತೋರಿಸುವುದಕ್ಕೂ ಒಳಗೆ ಯಾರೋ ಕಾದ ಎಣ್ಣೆಗೆ ಮೆಣಸಿನಕಾಯಿ ಹಾಕುವುದಕ್ಕೂ ಸರಿಹೋಯಿತು. ಕೋದಂಡಪ್ಪ ಟವಲನ್ನು ಬಾಯಿಗೆ ಒತ್ತಿಕೊಂಡು ಸರಕ್ಕನೆ ಬೀದಿಗಿಳಿದ. ಲೈಟುಕಂಬ ಹಿಡಿದು ಬಗ್ಗಿ ಕೆಮ್ಮತೊಡಗಿದ. ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವ ಕೆಮ್ಮಲ್ಲ ಅದು. ಬೀದಿಯಲ್ಲಿ ಕಾಯುತ್ತಿದ್ದ ಅವನ ಹೆಂಡತಿ ಮುನಿಶಾಮಮ್ಮ ಹೋಗುವವರಿಗೆ ಕಾಣದಂತೆ ಅಡ್ಡ ನಿಂತಳು. ನಿಲ್ಲದಿದ್ದರೂ ನಡೆಯುತ್ತಿತ್ತು. ಆಂಡರ್ಸನ್‌ಪೇಟೆಯಲ್ಲಿ ಗಣಿಗಿಳಿದ ಗಂಡಸೊಬ್ಬ ಕಂಬ ಹಿಡಿದು ಕೆಮ್ಮಿದರೆ ತಿರುಗಿ ನೋಡುವವರು ಯಾರಿದ್ದರು?

“ಇದೂ ಆಗಲ್ವಾ?” ಎಂದಳು, ಅವನ ಉಸಿರು ತಿರುಗಿದ ಮೇಲೆ.

“ಆಗಲ್ಲ. ಪರದೆ ಕಟ್ಕೊಂಡವ್ರೆ. ಪರದೆ ಏನ್ ಗಾಟು ತಡೀತದೆ?”

ಎದುರಿನ ಮೈದಾನದಲ್ಲಿ ಎಗ್ಜಿಬಿಷನ್ನಿನವರು ತಿರುಗುವ ತೊಟ್ಟಿಲಿಗೆ ಕಂಬ ನಿಲ್ಲಿಸುತ್ತಿದ್ದರು. ಕಾಮಸಮುದ್ರದ ಕಡೆಯಿಂದ ಗಂಡಿನವರು ಬರುವ ಭಾನುವಾರ ಆ ತೊಟ್ಟಿಲು ನೋಡುವ ನೆಪದಲ್ಲಿ ಇವರ ಮಗಳು ಅಮ್ಮಾಜಿಯನ್ನು ನೋಡಲು ಬರುವವರಿದ್ದರು. ಒಪ್ಪಿಗೆಯಾಗುವ ತನಕ ಹೆಣ್ಣಿನ ಮನೆಯಲ್ಲಿ ಅವರು ಕೈ ಒದ್ದೆ ಮಾಡುವ ಹಾಗಿಲ್ಲ, ಅದು ಅವರ ಕಡೆಯ ಪದ್ಧತಿ. ತಿಂಡಿ ಹೋಟೆಲಿನಲ್ಲೇ ಆಗಬೇಕು. ಕೋದಂಡಪ್ಪನಿಗೆ ಈ ಪದ್ಧತಿ ಕೇಳಿ ಎಷ್ಟು ಸಂತೋಷವಾಗಿತ್ತೆಂದರೆ ಊರ ದೇವರಿಗೆ ಕಾಯಿ ಒಡೆಸಿದ್ದ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೂಲಿ ಲೈನಿನ ಮನೆಗೆ ಕರೆದುಕೊಂಡು ಹೋಗಿದ್ದರೆ ಮುಗಿದೇ ಹೋಗುತ್ತಿತ್ತು. ಹಿಂದೆ ಎರಡು ಸಲ ಹಾಗೇ ಆಗಿತ್ತಲ್ಲ. ತಟ್ಟಿಗೋಡೆಯ ಆಚೆ ಒಬ್ಬ ಕೆಮ್ಮಿದರೆ ಈಚೆ ಇವನು ಶುರು ಮಾಡುವುದು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕ್ಷಯ ಇರುವ ಮನೆ ಅಂತ ಊರಿಗೆಲ್ಲ ಸಾರಿದ್ದರು.

ಕ್ಷಯವಲ್ಲ ಅದು. ಇಪ್ಪತ್ತು ವರ್ಷ ಸುರಂಗದಲ್ಲಿ ಡ್ರಿಲ್ಲಿಂಗ್ ಮಿಷನ್ ಹಿಡಿದು ಬಂಡೆ ಕೊರೆದವನ ಎದೆಯಲ್ಲಿ ಕಲ್ಲಿನ ಪುಡಿ ಕೂತಿದೆ, ಯಾರಿಗೂ ಅಂಟುವುದಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದ್ದರು. ವಾಸಿಯಾಗುವುದಿಲ್ಲ ಅಂತಲೂ ಹೇಳಿದ್ದರು. ಈಗ ಕೋದಂಡಪ್ಪ ಸುರಂಗಕ್ಕಿಳಿಯದೆ ಗಣಿಯ ಮರದ ಯಾರ್ಡಿನಲ್ಲಿ ಕಾವಲು ಕೂರುತ್ತಿದ್ದ. ತಾನು ಇನ್ನೆಷ್ಟು ದಿನ ಅನ್ನುವುದು ಅವನಿಗೆ ಗೊತ್ತಿತ್ತು. ಅವನು ಹೋದ ಮೇಲೆ ಲೈನಿನ ಮನೆ ಬಿಟ್ಟುಕೊಡಬೇಕು. ಬೆಳೆದ ಮಗಳನ್ನು ಕಟ್ಟಿಕೊಂಡು ಮುನಿಶಾಮಮ್ಮ ಯಾವ ಬೀದಿಗೆ ಹೋಗುತ್ತಾಳೆ? ಅಮ್ಮಾಜಿಯನ್ನು ಒಬ್ಬನ ಕೈಗೆ ಇಟ್ಟುಬಿಟ್ಟರೆ ಸಾಕು, ಆಮೇಲೆ ಈ ಕೆಮ್ಮು ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ಅವನು ಎಷ್ಟೋ ಸಲ ಬಾಯಿಬಿಟ್ಟೇ ಹೇಳಿದ್ದ.

ಅದಕ್ಕೇ ಈ ಹೋಟೆಲು ಹುಡುಕಾಟ. ಬೇರೆಯವರು ಹೋಟೆಲು ಆರಿಸುವಾಗ ದೋಸೆ ಹೇಗೆ, ಕಾಫಿ ಹೇಗೆ ಅಂತ ವಿಚಾರಿಸುತ್ತಾರೆ. ಗಂಡ ಹೆಂಡಿರಿಬ್ಬರೂ ವಿಚಾರಿಸಿದ್ದು ಹೊಗೆ ಯಾವ ಕಡೆ ಹೋಗುತ್ತದೆ ಅಂತ. ಗಂಡಿನವರು ರೈಲು ಬದಲಾಯಿಸುವ ಬಂಗಾರಪೇಟೆಯಲ್ಲೇ ಮುಗಿಸೋಣವೆಂದರೆ ಸ್ಟೇಷನ್ ಎದುರಿನ ಹೋಟೆಲಿಗೆಲ್ಲ ಇಂಜಿನ್ನಿನ ಹೊಗೆ. ಆಂಡರ್ಸನ್‌ಪೇಟೆಯ ದೊಡ್ಡ ಹೋಟೆಲಿನಲ್ಲಿ ಹೆಂಗಸರು ಕೂರುವ ಜಾಗ ಮಹಡಿಯ ಮೇಲೆ. ಆ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಕಥೆ ಮುಗಿದಿರುತ್ತಿತ್ತು. ಮಿಲಿಟರಿ ಹೋಟೆಲಿನಲ್ಲಿ ಬಾಗಿಲಲ್ಲೇ ಮಸಾಲೆ ಹುರಿಯುತ್ತಿದ್ದರು. ಮೈದಾನದೊಳಗೆ ಡೇರೆ ಹಾಕಿದ್ದ ಕ್ಯಾಂಟೀನಿಗೆ ಹೋದರೆ ಗಣಿಯ ಕಲ್ಲುಪುಡಿ ಸುರಿದ ಸಯನೈಡ್ ಗುಡ್ಡದ ಕಡೆಯಿಂದ ಬೂದು ದೂಳು ಎದ್ದು ಬಂದು ಕಾಫಿಯ ಮೇಲೆ ಕೂರುತ್ತಿತ್ತು.

“ಅಲ್ಲಾ ಕಣಯ್ಯ, ಇದ್ದಿದ್ದು ಇದ್ದಂಗೆ ಯೋಳ್ಬುಟ್ರೆ? ಅಂಟಲ್ಲ ಅಂತ ಡಾಕ್ಟ್ರೇ ಅಂದವ್ರಲ್ಲ?” ಎಂದಳು ಮುನಿಶಾಮಮ್ಮ.

“ಓದ್ ಸಲ ಬಂದೋರ್ಗೆ ಯೋಳ್ದೆ. ನಂಬಿದ್ರಾ?”

ಅವಳು ಮುಂದಿನ ಹೋಟೆಲಿನ ಕಡೆ ನಡೆದಳು.

ಕೊನೆಗೆ ಸಿಕ್ಕಿದ್ದು ಮೈದಾನದ ಹಿಂದಿನ ಬೀದಿಯ ಶ್ರೀನಿವಾಸಪ್ಪನ ಹೋಟೆಲು. ನೆಲಮಟ್ಟದ ಒಂದೇ ಹಾಲು, ನಾಲ್ಕೈದು ಮೇಜು, ಅಡಿಗೆಮನೆಗೆ ಗಟ್ಟಿಯಾದ ಮರದ ಬಾಗಿಲು. ಕೋದಂಡಪ್ಪ ಆ ಬಾಗಿಲನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದ. ಗಲ್ಲಾದಿಂದ ಶ್ರೀನಿವಾಸಪ್ಪ ಕೇಳಿಯೇಬಿಟ್ಟ.

“ಏನಪ್ಪಾ, ಬಾಗ್ಲು ಕೊಂಡ್ಕೊಳ್ಳಾಕೆ ಬಂದೀಯಾ?”

“ಇಲ್ಲಣ್ಣ. ಬಾನ್ವಾರ ಸಾಯಂಕಾಲ ಒಂದ್ ಗಳಿಗೆ ನಿನ್ ಓಟ್ಲಾಗೆ ಒಗ್ಗರಣೆ ಆಕ್ಬಾರ್ದು.”

ಶ್ರೀನಿವಾಸಪ್ಪ ಮೊದಲು ನಕ್ಕ. ಹೋಟೆಲು ನಡೆಸುವವನನ್ನು ಕೇಳುವ ಮಾತೇ ಇದು! ಆದರೆ ಎದುರಿನವನು ನಗಲಿಲ್ಲ. ಅವನ ಕುತ್ತಿಗೆಯ ನರಗಳು ಉಸಿರಿಗೊಮ್ಮೆ ಎದ್ದು ಬೀಳುವುದನ್ನು ನೋಡಿದ ಮೇಲೆ ಶ್ರೀನಿವಾಸಪ್ಪನ ನಗು ಅಲ್ಲೇ ನಿಂತಿತು. ಕೋದಂಡಪ್ಪ ಎಲ್ಲವನ್ನೂ ಹೇಳಿದ.

“ನಮ್ಮಣ್ಣ ಸೊಣ್ಣಪ್ಪನೂ ಇಂಗೇ ಅಲ್ವಾ ಓಗಿದ್ದು,” ಎಂದ ಶ್ರೀನಿವಾಸಪ್ಪ. “ಕರ್ಕೊಂಬಾ. ಚಟ್ನಿ ಸಾಂಬಾರಿಗೆಲ್ಲ ಮುಂಚೇನೇ ಒಗ್ಗರಣೆ ಆಕ್ಸಿ ಇಟ್ಟಿರ್ತೀನಿ. ಆಮೇಲೆ ನೀವು ಎದ್ದು ಓಗೋ ಗಂಟ ಬಾಣಲೆ ಒಲೆ ಮೇಲೆ ಏರಲ್ಲ. ಏನೋ ಕುಪ್ಪುಸ್ವಾಮಿ, ಕೇಳಿಸ್ತಾ?”

ಅಡಿಗೆಯ ಕುಪ್ಪುಸ್ವಾಮಿ ಬಾಗಿಲಲ್ಲಿ ತಲೆ ಹಾಕಿ, “ಸರಿ ಅಣ್ಣೇ, ಇಡ್ಲಿ ಮಟ್ಟುಂ, ಇಡ್ಲಿ ಮಾತ್ರ,” ಎಂದ.

ಮನೆಯಲ್ಲಿ ಅಮ್ಮಾಜಿಗೂ ಪಾಠವಾಯಿತು. ಅಪ್ಪನಿಗೆ ಕೆಮ್ಮು ಹತ್ತಿದರೆ ರಾತ್ರಿಯೆಲ್ಲ ಬೆನ್ನು ನೀವಿ, ಬಿಸಿನೀರು ಕುಡಿಸಿ ಕೂರಿಸುತ್ತಿದ್ದವಳು ಅವಳೇ. ಅದಕ್ಕೇ ಮುನಿಶಾಮಮ್ಮ ಮಗಳ ಗಲ್ಲ ಹಿಡಿದು ಹೇಳಿದಳು: “ಅಲ್ಲಿ ನಿಮ್ಮಪ್ಪಂಗೆ ಏನೇ ಆಗ್ಲಿ, ನೀನು ಎದ್ದೇಳ್ಬಾರ್ದು. ಬೆನ್ನು ಮುಟ್ಬಾರ್ದು. ನೀನು ಎದ್ದು ಬೆನ್ನು ನೀವಿದ್ರೆ ಇದು ದಿನಾ ಇರೋ ಕಾಯ್ಲೆ ಅಂತ ಅವ್ರಿಗೆ ತಿಳ್ದೋಯ್ತದೆ. ನಾನೇನೋ ನೋಡ್ಕಂತೀನಿ.” ಅಮ್ಮಾಜಿ ಹೂಂ ಎಂದಳು.

ಭಾನುವಾರ ಎಲ್ಲವೂ ಹೂವಿನ ಹಾಗೆ ನಡೆಯಿತು. ಗಂಡಿನ ತಂದೆ ಅಶ್ವತ್ಥಪ್ಪ ಎತ್ತಿನ ವ್ಯಾಪಾರದ ಮನುಷ್ಯ, ದೊಡ್ಡ ಗಂಟಲು, ಎಲ್ಲದಕ್ಕೂ ನಗು. ತಾಯಿ ದೊಡ್ಡಮುನಿಯಮ್ಮ ಸೊಂಟದಲ್ಲಿ ಒಂದು ಎಲೆಯ ಪೊಟ್ಟಣ ಸಿಕ್ಕಿಸಿಕೊಂಡು ಬಂದಿದ್ದಳು. ಅದರಲ್ಲಿ ಕನಕಾಂಬರದ ದಂಡೆ ಇದೆಯೆಂದು, ಹುಡುಗಿ ಒಪ್ಪಿಗೆಯಾದರೆ ಅಲ್ಲೇ ಮುಡಿಸಿ ಮಾತು ಮುಗಿಸುತ್ತಾಳೆಂದು ಮುನಿಶಾಮಮ್ಮ ಒಂದೇ ನೋಟಕ್ಕೆ ತಿಳಿದುಕೊಂಡಳು. ಅಶ್ವತ್ಥಪ್ಪ ತೊಟ್ಟಿಲು ಹತ್ತೋಣ ಬಾ ಎಂದು ಕೋದಂಡಪ್ಪನ ರಟ್ಟೆ ಹಿಡಿದ. ತಲೆ ಸುತ್ತುತ್ತದೆ ಎಂದ ಇವನು. ಮೋಟರ್ ಸೈಕಲ್ ಓಡಿಸುವ ಸಾವಿನ ಬಾವಿಗೆ ಏಣಿಮೆಟ್ಟಿಲು ಹತ್ತಬೇಕಿತ್ತು. ಎಲ್ಲರ ಚಪ್ಪಲಿ ಕಾಯುತ್ತೇನೆಂದು ಕೆಳಗೇ ಕೂತ. “ಒಳ್ಳೇ ಮನ್ಸ ಕಣಯ್ಯಾ ನೀನು, ಗೋಲ್ಡ್ ಫೀಲ್ಡ್ನಲ್ಲಿದ್ಕೊಂಡು ಚಪ್ಲಿ ಕಾಯ್ತೀಯಲ್ಲ!” ಎಂದು ಅಶ್ವತ್ಥಪ್ಪ ಬೆನ್ನು ತಟ್ಟಿದ. ತಟ್ಟಿದ ಪೆಟ್ಟಿಗೆ ಎದೆಯೊಳಗೆ ಏನೋ ಕದಲಿದಂತಾಯಿತು, ಆದರೆ ಕೋದಂಡಪ್ಪ ನುಂಗಿಕೊಂಡ.

ಮೇಲೆ ಕಟಕಟೆ ಹಿಡಿದು ನಿಂತಿದ್ದಾಗ ಹುಡುಗ ಆದಿನಾರಾಯಣ, ಮೋಟರ್ ಸೈಕಲ್ಲಿನ ಗದ್ದಲದ ನಡುವೆ, ಅಮ್ಮಾಜಿಗೆ ಮಾತ್ರ ಕೇಳುವ ಹಾಗೆ ಕೇಳಿದ್ದ. “ನಿಂಗೆ ಬಯ ಆಗಲ್ವಾ?”

“ಬಾವೀನೇ ಅಲ್ವಾ?” ಎಂದಿದ್ದಳು ಅವಳು. “ನಮ್ಮಪ್ಪ ಇಂತಾವು ಎಷ್ಟೋ ಇಳ್ದವ್ರೆ.”

ಹುಡುಗ ನಕ್ಕ. ಅವನ ಮುಂದಿನ ಹಲ್ಲು ಒಂದು ಚೂರು ಮುರಿದಿತ್ತು. ಅದು ಅವಳಿಗೆ ಬಹಳ ಹಿಡಿಸಿತು. ಮೆಟ್ಟಿಲಿಳಿದು ಬರುವಾಗ ಅವಳು ಈ ಮದುವೆ ಆಗಲೇಬೇಕು ಎಂದು ಮೊದಲನೇ ಸಲ ತನಗಾಗಿಯೇ ಬಯಸಿದಳು.

ಶ್ರೀನಿವಾಸಪ್ಪನ ಹೋಟೆಲಿನಲ್ಲಿ ಮೂಲೆಯ ಮೇಜು ಇವರಿಗೆಂದೇ ಖಾಲಿ ಇತ್ತು. ಅಡಿಗೆಮನೆಯ ಬಾಗಿಲು ಮುಚ್ಚಿತ್ತು. ಇಡ್ಲಿ ಬಂತು, ಕಾಯಿಚಟ್ನಿ ಬಂತು. ಅಶ್ವತ್ಥಪ್ಪ ಎರಡನೇ ತಟ್ಟೆಗೆ ಕೈ ಹಾಕಿದ, ಎಲ್ಲರಿಗೂ ಮತ್ತೆ ಚಟ್ನಿ ಬಂತು. ದೊಡ್ಡಮುನಿಯಮ್ಮ ಅಮ್ಮಾಜಿಯ ಅಂಗೈ ತಿರುಗಿಸಿ ಒತ್ತಿ ನೋಡಿ, “ಗೆಯ್ದಿರೋ ಕೈ,” ಎಂದು ಒಪ್ಪಿ ತಲೆಯಾಡಿಸಿದಳು. ಕೋದಂಡಪ್ಪ ಸಣ್ಣಗೆ, ಅಳೆದು ಅಳೆದು ಉಸಿರಾಡುತ್ತಿದ್ದ. ಇನ್ನೇನು ಕಾಫಿ ಬಂದರೆ ಮುಗಿಯಿತು. ದೊಡ್ಡಮುನಿಯಮ್ಮ ಸೊಂಟದ ಪೊಟ್ಟಣಕ್ಕೆ ಕೈ ಹಾಕಿದಳು. ಎಡಗೈಯಲ್ಲಿ ಪೊಟ್ಟಣ ಹಿಡಿದು, ಬಲಗೈಯಲ್ಲಿ ಕೊನೆಯ ತುತ್ತನ್ನು ಚಟ್ನಿಗೆ ಅದ್ದಿ ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು.

“ಏನಣ್ಣಾ, ಈ ಚಟ್ನೀಗೆ ಒಗ್ಗರಣೇನೇ ಆಕಿಲ್ವಲ್ಲ?”

ಆಗಿದ್ದು ಇಷ್ಟೇ. ಎಗ್ಜಿಬಿಷನ್ನಿನ ಜನ ನುಗ್ಗಿ ಬಂದು, ಮುಂಚೆ ಮಾಡಿಟ್ಟಿದ್ದ ಚಟ್ನಿ ಖಾಲಿಯಾಗಿತ್ತು. ಎರಡನೇ ಸಲಕ್ಕೆ ಕುಪ್ಪುಸ್ವಾಮಿ ಹೊಸದಾಗಿ ರುಬ್ಬಿ, ಕೊಟ್ಟ ಮಾತಿನಂತೆ ಒಗ್ಗರಣೆ ಹಾಕದೆ ಕಳಿಸಿದ್ದ. ಮುನಿಶಾಮಮ್ಮನಿಗೆ ಅದು ಗೊತ್ತಾಗಬೇಕಿತ್ತು. ಅವಳಿಗೆ ಗೊತ್ತಾಗದಿದ್ದರೆ ಇನ್ಯಾರಿಗೆ ಆಗಬೇಕು? ಆದರೆ ಕೋದಂಡಪ್ಪನ ಎದೆ ಕೆಟ್ಟಾಗಿನಿಂದ ಅವರ ಮನೆಯಲ್ಲಿ ಒಲೆಯ ಮೇಲೆ ಮೆಣಸಿನಕಾಯಿ ಸಿಡಿದದ್ದೇ ಇಲ್ಲ. ಅಪ್ಪ, ಅವ್ವ, ಮಗಳು ಮೂವರೂ ಬೋಳು ಸಾರು, ಬೋಳು ಚಟ್ನಿ ತಿಂದು ತಿಂದು, ಇದರಲ್ಲಿ ಏನೋ ಇಲ್ಲ ಅನ್ನುವುದನ್ನೇ ಮರೆತಿದ್ದರು.

“ಯಾರೂ ತಪ್ಪು ತಿಳ್ಕೋಬ್ಯಾಡಿ,” ಎಂದಳು ದೊಡ್ಡಮುನಿಯಮ್ಮ. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ಸಂಕಟವಿತ್ತು. “ಸತ್ ಮನೇಲಿ ಒಗ್ಗರಣೆ ಇಕ್ಕಲ್ಲ. ಉಡ್ಗಿ ನಂಗೆ ಒಪ್ಗೆ, ಇನ್ನೇನು ಊವ ಮುಡುಸ್ಬೇಕು ಅನ್ನೋ ಒತ್ನಲ್ಲಿ ನಮ್ ಬಾಯ್ಗೆ ಇಂತಾ ತುತ್ತು ಬಿತ್ತಲ್ಲಪ್ಪ. ನಾಳೆ ಏನಾನ ಒಂದಾದ್ರೆ ನನ್ ಮನ್ಸೇ ನನ್ನ ತಿಂದಾಕ್ತದೆ. ಒಂದ್ ಒಗ್ಗರಣೆ ಆಕ್ಸಿ ಅಣ್ಣಾ. ಬಾಯ್ಗಿಟ್ಕೊಂಡು ಈಗ್ಲೇ ಮುಡುಸ್ಬಿಡ್ತೀನಿ.”

ಮುನಿಶಾಮಮ್ಮನ ತಲೆ ಚುರುಕಾಗಿ ಓಡಿತು. “ಅಯ್ಯೋ, ಎಲೆಅಡಿಕೇನೇ ತಂದಿಲ್ವಲ್ಲ! ಓಗಯ್ಯ, ಅಂಗ್ಡೀಗೆ ಓಗಿ ತಕೊಂಬಾ. ನಿದಾನಕ್ಕೆ ನೋಡಿ ತಕೊಂಬಾ,” ಎಂದು ಗಂಡನ ಕಡೆ ಕಣ್ಣು ಬಿಟ್ಟಳು. ಕೋದಂಡಪ್ಪ ಎದ್ದೂ ಎದ್ದ. ಅಶ್ವತ್ಥಪ್ಪ ಅವನ ಮಣಿಕಟ್ಟು ಹಿಡಿದು ಕೂರಿಸಿದ.

“ಕೂತ್ಕೊಳ್ಳಯ್ಯಾ! ಎಲೆಅಡಿಕೆ ನಾವು ಕಟ್ಕೊಂಡೇ ಬಂದಿದೀವಿ. ಊವ ಮುಡುಸೋವಾಗ ಎತ್ತ ಅಪ್ಪಾನೇ ಎದುರ್ಗಿಲ್ದಿದ್ರೆ ಎಂಗೆ?” ಹಿಡಿದ ಕೈಯನ್ನು ಅವನು ಪ್ರೀತಿಯಿಂದ ಹಾಗೇ ಹಿಡಿದುಕೊಂಡಿದ್ದ.

ಶ್ರೀನಿವಾಸಪ್ಪ ಗಲ್ಲಾ ಬಿಟ್ಟು ಓಡಿ ಬಂದ. “ಅಕ್ಕಾ, ಸಾಸಿವೆ ಕರಿಬೇವಿಂದು ಒಳಗೇ ಆಕ್ಸಿ ತಂದ್ಬಿಡ್ತೀನಿ, ಒಂದ್ ನಿಮ್ಷ.”

“ಮೆಣಸಿನ್ಕಾಯಿ ಇಲ್ದಿರೋ ಒಗ್ಗರಣೆ ಯಾವೂರ್ದಪ್ಪಾ ಅದು!” ದೊಡ್ಡಮುನಿಯಮ್ಮನಿಗೆ ಈಗ ನಗು ಬಂತು. “ಇಲ್ಲೇ ತಂದು ನಮ್ಮೆದುರ್ಗೇ ಸುರೀಲಿ. ಚೊಂಯ್ ಅನ್ಬೇಕು. ಆಗ್ಲೇ ಸುಬ.”

ಕುಪ್ಪುಸ್ವಾಮಿ ಬಾಗಿಲು ತೆರೆದು ಬಂದು ನಿಂತಿದ್ದ. ಶ್ರೀನಿವಾಸಪ್ಪನೂ ಅವನೂ ಮುನಿಶಾಮಮ್ಮನೂ ಕೋದಂಡಪ್ಪನನ್ನೇ ನೋಡಿದರು. ಅಮ್ಮಾಜಿ ಮಾತ್ರ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಕೋದಂಡಪ್ಪನಿಗೆ ಒಂದು ಕಾಲದ ತನ್ನ ಎದೆ ನೆನಪಾಯಿತು. ಕೆಳಗೆ ಮದ್ದು ಸಿಡಿಸಿದ ಮೇಲೆ ಹೊಗೆ ತುಂಬಿದ ಸುರಂಗದಲ್ಲಿ ಉಸಿರು ಕಟ್ಟಿ ಏಣಿಯ ತನಕ ನಡೆದು ಬಂದ ಗಂಡಸು ಅವನು. ಒಂದು ಸೌಟಿನ ಹೊಗೆ. ಒಂದು ಹೂವು ಮುಡಿಸುವಷ್ಟು ಹೊತ್ತು. ಅಷ್ಟು ತಡೆಯಲಾರೆನೇ?

“ಆಕು ಕುಪ್ಪುಸ್ವಾಮಿ,” ಎಂದ. “ಮೆಣಸಿನ್ಕಾಯಿ ಸೇರ್ಸೇ ಆಕು.”

ಒಳಗೆ ಸಾಸಿವೆ ಸಿಡಿಯುವ ಸದ್ದಾಯಿತು. ಕೋದಂಡಪ್ಪ ಎದೆ ತುಂಬ ಗಾಳಿ ಎಳೆದುಕೊಂಡು ತುಟಿ ಬಿಗಿದ. ಕುಪ್ಪುಸ್ವಾಮಿ ಹೊಗೆಯಾಡುವ ಕಬ್ಬಿಣದ ಸೌಟನ್ನು ಹಿಡಿದು ಓಡುತ್ತಲೇ ಬಂದು, ಮೇಜಿನ ಮೇಲೆ ಕೋದಂಡಪ್ಪನಿಂದ ಆದಷ್ಟು ದೂರದ ಮೂಲೆಯಲ್ಲಿ ಚಟ್ನಿಯ ಪಾತ್ರೆಗೆ ಸುರಿದ. ಚೊಂಯ್ ಎಂದಿತು. ಗಾಟು ಮೇಜಿನ ಸುತ್ತ ಎದ್ದಿತು. ಅಶ್ವತ್ಥಪ್ಪ ಸೀನಿದ. ಆದಿನಾರಾಯಣ ಕೆಮ್ಮಿದ, ದೊಡ್ಡಮುನಿಯಮ್ಮ ಕೆಮ್ಮುತ್ತ ನಗುತ್ತ, “ಇದಪ್ಪಾ ಒಗ್ಗರಣೆ!” ಎಂದು ಕಣ್ಣೊರೆಸಿಕೊಂಡಳು. ಪಕ್ಕದ ಮೇಜಿನವರೂ ಕೆಮ್ಮಿದರು. ಇಡೀ ಹೋಟೆಲೇ ಕೆಮ್ಮಿತು. ಆ ಗದ್ದಲದಲ್ಲಿ ಕೋದಂಡಪ್ಪ ಒಂದು ಸಲ ಕೆಮ್ಮಿದ್ದನ್ನು ಯಾರೂ ಗಮನಿಸಲಿಲ್ಲ.

ದೊಡ್ಡಮುನಿಯಮ್ಮ ಒಂದು ಬೆರಳು ಚಟ್ನಿ ನಾಲಿಗೆಗೆ ಹಚ್ಚಿಕೊಂಡು, ಪೊಟ್ಟಣ ಬಿಚ್ಚಿ, ದಂಡೆ ಕೈಗೆತ್ತಿಕೊಂಡು ಅಮ್ಮಾಜಿಯ ಹಿಂದೆ ಬಂದು ನಿಂತಳು. ಅಷ್ಟು ಹೊತ್ತಿಗೆ ಎಲ್ಲರ ಕೆಮ್ಮೂ ನಿಂತಿತ್ತು. ಕೋದಂಡಪ್ಪನದು ನಿಲ್ಲಲಿಲ್ಲ. ಅವನು ಟವಲನ್ನು ಬಾಯೊಳಗೆ ತುರುಕಿಕೊಂಡ. ಕೆಮ್ಮು ಮೂಗಿನಿಂದ, ಹೆಗಲಿನಿಂದ, ಮೇಜಿನ ಮೇಲೆ ಊರಿದ್ದ ಮೊಣಕೈಯಿಂದ ಹೊರಗೆ ಬಂತು. ಲೋಟಗಳು ಅಲುಗಿದವು. ಮಣಿಕಟ್ಟು ಹಿಡಿದಿದ್ದ ಅಶ್ವತ್ಥಪ್ಪ ಮೊದಲು, “ನೀರು ಕುಡಿಯಯ್ಯ,” ಎಂದ. ಆಮೇಲೆ ಅವನ ಕೈ ತಾನಾಗಿ ಸಡಿಲವಾಯಿತು. ಸಡಿಲವಾದ ಕೈಯನ್ನು ಅವನು ಪಂಚೆಗೆ ಒರೆಸಿಕೊಂಡ.

ಅಮ್ಮಾಜಿ ಎದ್ದೇಳಲಿಲ್ಲ. ಏಳಬಾರದು ಎಂದಿದ್ದರು. ಬೆನ್ನು ಮುಟ್ಟಲಿಲ್ಲ. ತಲೆಯ ಹಿಂದೆ, ಜಡೆಗೆ ತಾಗುವಷ್ಟು ಹತ್ತಿರದಲ್ಲಿ ಹೂವು ನಿಂತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಇಡೀ ಹಾಲಿನಲ್ಲಿ ಅಪ್ಪನೊಬ್ಬನೇ ಕೆಮ್ಮುತ್ತಿದ್ದ, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೆಮ್ಮಬಾರದು ಎಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ಕೆಮ್ಮಿದಳು. ಗಾಟು ಇನ್ನೂ ಹೋಗಿಲ್ಲವೇನೋ ಅನ್ನುವಂತೆ ಸೆರಗು ಬಾಯಿಗಿಟ್ಟು, ಜೋರಾಗಿ, ಅಪ್ಪನ ಕೆಮ್ಮು ಮುಚ್ಚಿಹೋಗುವಷ್ಟು ಜೋರಾಗಿ ಕೆಮ್ಮಿದಳು. ದಿನವೂ ಕೇಳಿ ಕೇಳಿ ಅವಳಿಗೆ ಆ ಕೆಮ್ಮು ಬಾಯಿಪಾಠವಾಗಿತ್ತು. ಎಲ್ಲಿ ಏರುತ್ತದೆ, ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ, ಎಲ್ಲ ತಂದೆಯದರ ಹಾಗೆಯೇ ಬಂತು.

ದೊಡ್ಡಮುನಿಯಮ್ಮ ತಂದೆಯನ್ನು ನೋಡಿದಳು. ಮಗಳನ್ನು ನೋಡಿದಳು.

“ಅಯ್ಯೋ ಸಿವನೇ,” ಎಂದಳು. “ಮಗೀಗೂ ಐತೆ.”

ಬೈಯಲಿಲ್ಲ ಅವಳು. ಮೋಸ ಮಾಡಿದಿರಿ ಎನ್ನಲಿಲ್ಲ. ಅಂದಿದ್ದರೆ ಮುನಿಶಾಮಮ್ಮನಿಗೆ ಜಗಳವಾಡಲಾದರೂ ಬರುತ್ತಿತ್ತು. ದೊಡ್ಡಮುನಿಯಮ್ಮನ ಕಣ್ಣಲ್ಲಿ ನೀರು ಬಂತು. ದಂಡೆಯನ್ನು ಮತ್ತೆ ಎಲೆಯಲ್ಲಿಟ್ಟು, ದಾರ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಮೂರ್ ಜನ ಮಕ್ಳವ್ರೆ ನಮ್ ಮನೇಲಿ, ಎಳೇವು,” ಎಂದಳು ಯಾರಿಗೋ ಎನ್ನುವಂತೆ.

“ಅಕ್ಕಾ, ಇಲ್ಲಕ್ಕಾ, ಅವ್ಳಿಗೆ ಏನೂ ಇಲ್ಲ, ನಿಮ್ ದಮ್ಮಯ್ಯ, ಸುಮ್ಕೆ ಕೆಮ್ತಾ ಅವ್ಳೆ!” ಮುನಿಶಾಮಮ್ಮ ಅವಳ ಕೈ ಹಿಡಿಯಲು ಹೋದಳು.

ಸುಮ್ಮನೆ ಯಾರಾದರೂ ಹಾಗೆ ಕೆಮ್ಮುತ್ತಾರೆಯೇ? ದೊಡ್ಡಮುನಿಯಮ್ಮ ಕೈ ಹಿಂದಕ್ಕೆಳೆದುಕೊಂಡಳು. “ರೈಲಿಗೆ ಒತ್ತಾಯ್ತು,” ಎಂದ ಅಶ್ವತ್ಥಪ್ಪ, ಇಷ್ಟು ಹೊತ್ತಿನ ದೊಡ್ಡ ಗಂಟಲನ್ನು ಎಲ್ಲೋ ಬಿಟ್ಟುಬಂದವನ ಹಾಗೆ. ಆದಿನಾರಾಯಣ ಬಾಗಿಲಲ್ಲಿ ಒಂದು ಗಳಿಗೆ ನಿಂತ. ತಾಯಿ ಅವನ ತೋಳು ಹಿಡಿದು ಎಳೆದುಕೊಂಡು ಬೀದಿಗಿಳಿದಳು.

ಶ್ರೀನಿವಾಸಪ್ಪ ಎಲ್ಲ ಕಿಟಕಿಗಳನ್ನೂ ತೆರೆದ. ಮುನಿಶಾಮಮ್ಮ ಇನ್ನೂ ಕೆಮ್ಮುತ್ತಿದ್ದ ಗಂಡನ ತಲೆಯನ್ನು ಹೊಟ್ಟೆಗೆ ಒರಗಿಸಿಕೊಂಡು ನಿಂತಳು. ಟವಲಿನ ಮೇಲೆ ಕೆಂಪು ಕಂಡು ಅದನ್ನು ಮಡಚಿ ಒಳಕ್ಕೆ ಮಾಡಿದಳು. ಅಮ್ಮಾಜಿ ಕೂತಲ್ಲೇ ಕೂತು, ಸೆರಗು ಬಾಯಿಗಿಟ್ಟುಕೊಂಡು, ಬಾಗಿಲನ್ನೇ ನೋಡುತ್ತ ಕೆಮ್ಮುತ್ತಿದ್ದಳು.

“ಸಾಕು, ನಿಲ್ಸೇ ನಮ್ಮವ್ವ,” ಎಂದಳು ಮುನಿಶಾಮಮ್ಮ. “ಓದ್ರು ಅವ್ರು.”

“ಇನ್ನೂ ಬೀದಿ ತಿರುಗಿಲ್ಲ ಕಣವ್ವಾ, ನಾನ್ ನಿಲ್ಸಿದ್ರೆ ಅಪ್ಪಂದೊಂದೇ ಕೇಳಿಸ್ತದೆ,” ಎಂದು ಅಮ್ಮಾಜಿ ಮತ್ತೆ ಕೆಮ್ಮಿದಳು.